ಅವ್ವನ ಬಾಯಾಗಿನ ಅಂಕಿ

ನಮ್ಮವ್ವಗ ಲಕ್ವಾ ಹೊಡೆದಾಗ ಬಲಗೈ ಹೋಯ್ತು, ಬಲಗಾಲು ಅರ್ಧ ಹೋಯ್ತು, ಮಾತು ಪೂರಾ ಹೋಯ್ತು. ಉಳದದ್ದು ಅಂಕಿ ಅಷ್ಟೇ. ನೀರು ಬೇಕಾದ್ರ ಮೂರು ಅಂತಿದ್ಳು. ಚಾದರ ಹೊಚ್ಚು ಅನ್ನಬೇಕಾದ್ರ ಎಂಟು ಅಂತಿದ್ಳು. ನನ್ನ ಹೆಸರು ಹಿಡದು ಕರೀಬೇಕಂತ ಬಾಯಿ ತಗೀತಿದ್ಳು, ಬರೋದು ಒಂದೋ ಐದೋ. ಬಾಯಿಂದ ಏನು ಬಿತ್ತು ಅನ್ನೋದು ಅಕಿಗೇ ಕೇಳಸ್ತಿತ್ತು. ಇದಲ್ಲ, ನಾ ಅಂದದ್ದು ಇದಲ್ಲ ಅನ್ನೋಹಂಗ ಎಡಗೈಲೆ ಹಾಸಗಿ ಬಡೀತಿದ್ಳು.

ಕಲಬುರಗಿ ದವಾಖಾನ್ಯಾಗ ಡಾಕ್ಟರ್ ಹೆಣಮಗಳೊಬ್ರು ನನ್ನ ಬಾಜೂಕ ಕುಂದ್ರಿಸಿಕೊಂಡು ತಿಳಿಸಿ ಹೇಳಿದ್ರು. ‘ಮೆದುಳಿನಾಗ ಮಾತು ಇರೋ ಜಾಗಕ್ಕ ಪೆಟ್ಟು ಬಿದ್ದದ್ರಿ. ಸಣ್ಣವರಿದ್ದಾಗಿಂದ ಬಾಯಿಪಾಠ ಆಗಿರ್ತದಲ್ಲ, ಎಣಿಕಿ, ವಾರದ ಹೆಸರು, ಹಾಡು, ಅವು ಬ್ಯಾರೆ ಕಡಿ ಉಳದಿರ್ತಾವ. ಅದಕ್ಕ ಅಂಕಿ ಅಷ್ಟೇ ಹೊರಗ ಬರ್ಲಿಕತ್ತಾವ. ದಿನಾ ಕುಂತು ಮಾತಾಡಸ್ರಿ, ಬೀಸೋ ಹಾಡು ಬಂದ್ರ ಹಾಡಸ್ರಿ. ಭಾಳ ದಿನ ಹಿಡೀತದ, ಖರೆ ಮಾತು ಬರ್ತಾವ.’ ಅವರು ಕಡೀಕ ಅಂದ ಆ ಮಾತನ್ನ ನಾನು ಸೆರಗಿನ ತುದಿಗಿ ಗಂಟು ಹಾಕಿಕೊಂಡು ಬಂದೆ. ಮಾತು ಬರ್ತಾವ. ನನಗ ಅಷ್ಟು ಸಾಕಿತ್ತು.

ನಾನು ಚಿತ್ತಾಪುರದಾಗ ಸರ್ಕಾರಿ ಸಾಲಿ ಟೀಚರ್. ಅವ್ವ ಇದ್ದದ್ದು ಶಹಾಬಾದಿನಾಗ, ನನ್ನ ತಮ್ಮನ ಮನ್ಯಾಗ. ತಮ್ಮ ಫರಸಿಕಲ್ಲು ಪಾಲಿಶ್ ಮಾಡೋ ಮಶೀನಿನ ಮ್ಯಾಲ ರಾತ್ರಿ ಪಾಳಿ ಕೆಲಸಕ್ಕಿದ್ದ, ಹಗಲೊತ್ತು ಮನ್ಯಾಗೇ ಇರ್ತಿದ್ದ. ಅವನ ಹೆಂಡತಿ ಮುಂಜಾನೆದ್ದು ಮಂದಿ ಮನಿ ಭಾಂಡಿ ತಿಕ್ಕಾಕ ಹೋಗ್ತಿದ್ಳು. ಅವ್ವನ್ನ ನಮ್ಮ ಮನಿಗಿ ಕರಕೊಂಡು ಹೋಗ್ತೀನಿ, ದಿನಾ ಮಾತಾಡಸ್ತೀನಿ ಅಂದೆ. ತಮ್ಮ ಒಪ್ಪಲಿಲ್ಲ. ‘ಮಗ ಅನ್ನಾವ ಜೀವಂತ ಇರಬೇಕಾದ್ರ ತಾಯಿ ಹೋಗಿ ಮಗಳ ಮನ್ಯಾಗ ಬಿದ್ಳಂದ್ರ ಮಂದಿ ನನ್ನ ಮಾರಿ ಮ್ಯಾಲ ಉಗಳ್ತಾರ ಅಕ್ಕಾ’ ಅಂದ. ಅವ್ವನೂ ಎಡಗೈ ಆಡಿಸಿ ‘ಒಂದು, ಒಂದು’ ಅಂದ್ಳು. ಬ್ಯಾಡ ಅಂತ. ಮಗಳ ಮನಿ ಅನ್ನ ಉಣಬಾರದು ಅನ್ನೋದು ಅಕಿ ಮಾತಿಗಿಂತ ಗಟ್ಟಿ ಕುಂತಿತ್ತು ತಲ್ಯಾಗ. ಹಿಂಗಾಗಿ ಐತವಾರ ಬಂದ್ರ ನಾನು ರೈಲು ಹತ್ತಿ, ವಾಡಿಯಾಗ ಇಳದು, ಅಲ್ಲಿಂದ ಇನ್ನೊಂದು ಗಾಡಿ ಹಿಡದು ಶಹಾಬಾದಿಗಿ ಹೋಗೋದು, ಸಂಜೀ ತನಕ ಅವ್ವನ ಮುಂದ ಕುಂದ್ರೋದು.

ಹಂಗ ಕುಂತು ಕೇಳಿ ಕೇಳಿ ನನಗ ಒಂದು ತಿಳೀತು. ಅಂಕಿ ಯಾವುದರ ಆಗವಲ್ದ್ಯಾಕ, ಅದರಾಗ ಏನೂ ಇಲ್ಲ. ಧಾಟಿ ಕೇಳಬೇಕು. ಎರಡು ಅನ್ನೋದನ್ನೇ ಗಿಡ್ಡ ಮಾಡಿ ಅಂದ್ರ ನೀರು. ಅದನ್ನೇ ಮ್ಯಾಲಕ್ಕೆತ್ತಿ ಅಂದ್ರ ಯಾರು ಬಂದ್ರು ಅಂತ ಕೇಳಾಕತ್ತಾಳ. ಹೊರಕಡಿಗಿ ಎಬ್ಬಸ್ರಿ ಅನ್ನಬೇಕಾದ್ರ ನಾಚಿಕಿ ಬಂದು ದನಿ ಸಣ್ಣ ಆಗ್ತಿತ್ತು, ಅಂಕಿ ಎರಡು ಸಲ ಬರ್ತಿತ್ತು. ಬ್ಯಾನಿ ಇದ್ರ ಅಂಕಿ ಎಳದು ಎಳದು ಕಡೀಕ ಮುರೀತಿತ್ತು. ಇದನ್ನೆಲ್ಲ ನಾನು ತಮ್ಮಗ ಹೇಳಿಕೊಟ್ಟೆ, ಅವನ ಹೆಂಡತಿಗೂ ಹೇಳಿಕೊಟ್ಟೆ. ಅಕಿ ಕಲತಳು. ಅವ ಹೂಂ ಹೂಂ ಅಂದ, ಅವನ ಲಕ್ಷ್ಯ ಅಂಕಿ ಮ್ಯಾಲೇ ಇತ್ತು.

ಇನ್ನ ಆ ಹಾಳಾದ ಆಟದ ಮಾತು ಹೇಳಲೇಬೇಕು. ಮಟಕಾ.

ನಮ್ಮಪ್ಪ ಹರೇದಾಗ ಮುಂಬೈಗಿ ದುಡ್ಯಾಕ ಹೋಗಿ ಬಂದಾವ. ಅಲ್ಲಿ ಬಂದರದಾಗ ಮೂಟಿ ಹೊತ್ತು, ಆಮ್ಯಾಲ ಊರಿಗಿ ಬಂದು ಸಾಯೋ ತನಕ ಕಲ್ಲಿನ ಖಣಿಯಾಗ ದುಡದ. ಈ ಆಟ ಎಲ್ಲಿಂದ ಬಂತು ಅನ್ನೋದನ್ನ ಅವ ನಮಗ ರೊಟ್ಟಿ ತಿನ್ಕೋತ ಹೇಳ್ತಿದ್ದ. ಮೊದಲ ಮೊದಲ ಇದು ಹತ್ತಿ ಆಟ ಇತ್ತಂತ. ಸಮುದ್ರದ ಆಚಿಂದ ದಿನಾ ತಾರು, ಅಂದ್ರ ಟೆಲಿಗ್ರಾಂ, ಬರ್ತಿತ್ತು, ಹತ್ತಿ ಬಜಾರು ಯಾವ ರೇಟಿಗಿ ತಗೀತು, ಯಾವ ರೇಟಿಗಿ ಮುಚ್ಚಿತು ಅಂತ. ಆ ರೇಟಿನ ಕಡೀ ಅಂಕಿ ಯಾವುದು ಬರ್ತದ ಅಂತ ಮುಂಬೈ ಮಂದಿ ಶರ್ತ್ ಕಟ್ತಿದ್ರು. ಓಪನ್, ಕ್ಲೋಸ್ ಅನ್ನೋ ಮಾತು ಅಲ್ಲಿಂದ ಬಂದದ್ದು. ಮುಂದ ಒಂದಿನ ಆ ತಾರು ನಿಂತೇ ಹೋಯ್ತು. ಆಟ ಅಲ್ಲಿಗೇ ಸಾಯಬೇಕಿತ್ತು, ಸಾಯಲಿಲ್ಲ. ಅಂಕಿ ಬರೆದ ಚೀಟಿ ಮಣ್ಣಿನ ಮಟಕ್ಯಾಗ ಹಾಕಿ, ಕೈ ಬಿಟ್ಟು ಒಂದು ತಗ್ಯಾಕ ಸುರು ಮಾಡಿದ್ರು. ನಮ್ಮಪ್ಪ ಆ ಮಟಕಾ ಕಣ್ಣಾರೆ ನೋಡಿದ್ದನಂತ. ‘ನಮ್ಮ ಮನಿ ನೀರಿನ ಗಡಗಿ ಹಂಗೇ ಇತ್ತು ನೋಡ್ರಿ, ಬ್ಯಾರೆ ಏನಿಲ್ಲ’ ಅಂತಿದ್ದ. ಆಮ್ಯಾಲ ಗಡಗಿನೂ ಹೋಗಿ ಇಸ್ಪೀಟ್ ಎಲಿ ಬಂದ್ವು. ಮೂರು ಎಲಿ ತಗಿ, ಕೂಡಿಸು, ಬಂದದ್ದರಾಗ ಕಡೀ ಅಂಕಿ ಹಿಡಿ, ಅದು ಓಪನ್. ಮತ್ತ ಕೆಲ ತಾಸು ಬಿಟ್ಟು ಮೂರು ಎಲಿ ತಗಿ, ಅದು ಕ್ಲೋಸ್. ಹತ್ತಿ ಹೋಯ್ತು, ಗಡಗಿ ಹೋಯ್ತು, ಹೆಸರು ಅಷ್ಟೇ ಉಳೀತು.

ನಮ್ಮ ಕಡಿ ಅದು ರೈಲಿನಾಗ ಬಂತು ಅಂತಿದ್ದ ಅಪ್ಪ. ಮುಂಬೈ ಗಾಡಿ ನಿಂದ್ರೋ ಊರು ನಮ್ಮದು, ವಾಡಿ ಅಂತೂ ಜಂಕ್ಷನ್ನು. ನಾನು ಸಣ್ಣಾಕಿ ಇದ್ದಾಗ ಟೇಸನ್ ಹೊರಗಿನ ಚಾದಂಗಡಿ ಹಿಂದಿನ ಗ್ವಾಡಿ ಮ್ಯಾಲ ಯಾರೋ ಸೀಮೆಸುಣ್ಣದಾಗ ಒಂದು ಅಂಕಿ ಬರೆದು ಹೋಗ್ತಿದ್ರು. ಖಣಿಯಿಂದ ಬಂದ ಗಂಡಸ್ರು, ಮೈತುಂಬ ಕಲ್ಲಿನ ಧೂಳ, ಮನಿಗಿ ಬರೋಕಿಂತ ಮೊದಲ ಆ ಗ್ವಾಡಿ ಮುಂದ ಹೋಗಿ ನಿಂದ್ರತಿದ್ರು. ಮುಂದ ಟೆಲಿಫೋನ್ ಬೂತ್ ಬಂದ್ವು, ಅಂಕಿ ಅಲ್ಲಿಗಿ ಬಂತು. ಈಗ ಮೊಬೈಲಿನಾಗೇ ಹಾಕ್ತಾರ, ಮೊಬೈಲಿನಾಗೇ ಕಳಕೋತಾರ. ಗ್ವಾಡಿ ಸ್ವಚ್ಛ ಆಯ್ತು ನೋಡ್ರಿ, ಅದೊಂದು ಪುಣ್ಯ.

ಆಡೋರಿಗಿ ಅಂಕಿ ಸುಮ್ಮಸುಮ್ಮನ ಹೊಳ್ಯಾಂಗಿಲ್ಲ. ಯಾರರ ಕೊಡಬೇಕು. ಕನಸಿನಾಗ ಹಾವು ಬಂದ್ರ ಒಂದು ಅಂಕಿ, ಹೆಣ ಬಂದ್ರ ಒಂದು ಅಂಕಿ. ರಸ್ತಾದಾಗ ಉಳ್ಳಿ ಬಿದ್ದ ಲಾರಿ ನಂಬರು. ವಾಡಿ ಟೇಸನ್ನಿನಾಗ ಒಬ್ಬ ತಲಿಕೆಟ್ಟ ಮನುಷ್ಯ ಇದ್ದ, ಹೋಗಬರೋರಿಗಿ ಕಲ್ಲು ಒಗೀತಿದ್ದ. ಮಂದಿ ತಪ್ಪಿಸಿಕೊಳ್ಳೋದು ಬಿಟ್ಟು ಎಷ್ಟು ಕಲ್ಲು ಒಗದ ಅಂತ ಎಣಸ್ತಿದ್ರು. ಅವನ ತಲ್ಯಾಗ ಹೇನು ಬಿದ್ದು ಗಾಯ ಆಗಿದ್ವು, ಒಬ್ಬನಾದ್ರೂ ದವಾಖಾನಿಗಿ ಒಯ್ಯಲಿಲ್ಲ. ಒಯ್ದ್ರ ಶಾಣ್ಯಾ ಆಗಿಬಿಟ್ಟಾನು ಅಂತ ಅಂಜಿಕಿ.

ಇಂಥಾ ಮಂದಿ ನಡುವ ನಮ್ಮವ್ವ ಬಾಯಿ ತಗದ್ರ ಅಂಕಿ ಹೇಳ್ತಿದ್ಳು. ಏನಾಗಬೇಕೋ ಅದೇ ಆಯ್ತು.

ಮೊದಲ ಸಲ ಅದು ಹ್ಯಾಂಗಾಯ್ತಂದ್ರ, ಬಾಜೂ ಮನಿಯಾವ ಅವ್ವನ್ನ ಮಾತಾಡಸ್ಯಾಕ ಬಂದಾನ, ಅಕಿ ಅವನ ಮಾರಿ ನೋಡಿ ಆರು ಅಂದಾಳ. ಅವ ಹೋಗಿ ಆರಕ್ಕ ರೊಕ್ಕ ಹಚ್ಚ್ಯಾನ, ಆರೇ ಬಂದದ. ಮರುದಿನ ಕಾಯಿ, ಊದಿನಕಡ್ಡಿ ತಗೊಂಡು ಬಂದು ಅವ್ವನ ಕಾಲಿಗಿ ಬಿದ್ದ. ಆ ಮುಂದಿನ ಐತವಾರ ನಾ ಹೋದಾಗ ಹೊರಗ ಕಟ್ಟಿ ಮ್ಯಾಲ ಗಂಡಸ್ರು ಕುಂತಿದ್ರು, ಬಾಗಲದಾಗ ಚಪ್ಪಲಿ ಬಿಟ್ಟಿದ್ವು. ಯಾರೋ ಹಾಸಗಿ ತಲಿದೆಸಿಗಿ ಹೂವಿನ ಮಾಲಿ ಹಾಕಿದ್ರು. ಅವ್ವ ನನ್ನ ನೋಡಿದಾಕಿನೇ ‘ಒಂಬತ್ತು, ಒಂಬತ್ತು, ಒಂಬತ್ತು’ ಅಂತ ಅಳಾಕ ಸುರು ಮಾಡಿದ್ಳು. ಹೊರಗಿನ ಕಟ್ಟಿ ಮ್ಯಾಲ ಕುಂತೋರು ದಡಕ್ಕನ ಎದ್ದು ಹೋದ್ರು. ಅಕಿ ಅಂದದ್ದು, ಇವರನ್ನೆಲ್ಲ ಹೊರಗ ಕಳಸು ಅಂತ. ಹೋದರಂತೂ ಖರೆ.

ಅಂಕಿ ಬರದಿದ್ದಾಗ ಸುಮ್ಮನಾಗ್ತಾರೇನು ಅಂದ್ರ ಅದೂ ಇಲ್ಲ. ಬರಲಿಲ್ಲಂದ್ರ ಅವ್ವ ಹೇಳಿದ್ದು ಕ್ಲೋಸಿಗಿ, ನಾವು ಓಪನಿಗಿ ಹಚ್ಚಿದ್ವಿ ಅಂತಿದ್ರು. ಇಲ್ಲಂದ್ರ ನಾಳಿಂದು ಇವತ್ತೇ ಹೇಳ್ಯಾಳ ಅಂತಿದ್ರು. ತಪ್ಪು ಯಾವಾಗಲೂ ಕೇಳಿದವರದು, ಹೇಳಿದಾಕಿದಲ್ಲ.

ಇಷ್ಟರಾಗ ಒಂದು ಐತವಾರ ನಾನು ಅವ್ವನ ಮುಂದ ಲೋಟ ಹಿಡದು ಕುಂತಿದ್ದೆ. ಅಕಿ ಎರಡು ಅಂತ ಸುರು ಮಾಡಿ ನಿಂತಳು. ತುಟಿ ಒಟ್ಟು ಮಾಡಿದ್ಳು, ಬಿಟ್ಟಳು. ಹಣಿ ಮ್ಯಾಲ ಬೆವರು ಬಂತು. ಆಮ್ಯಾಲ ‘ನೀ... ನೀರು’ ಅಂದ್ಳು. ತಾನು ಅಂದದ್ದು ಕೇಳಿ ತಾನೇ ನನ್ನ ಮಾರಿ ನೋಡಿದ್ಳು. ನಾನು ಲೋಟ ಅಲ್ಲೇ ಇಟ್ಟು ಅಕಿನ್ನ ತಬ್ಬಿಕೊಂಡು ಸಣ್ಣ ಕೂಸಿನಂಗ ಅತ್ತೆ. ತಮ್ಮನ ಹೆಂಡತಿ ಸೆರಗಲೆ ಕಣ್ಣು ಒರಸಿಕೊಂಡ್ಳು. ಬಾಗಲದಾಗ ತಮ್ಮ ನಿಂತಿದ್ದ. ಅವನ ಮಾರಿ ಮ್ಯಾಲಿನ ಕಳೆ ಇಳದು ಹೋಯ್ತು. ಇದನ್ನ ನಾನು ನೋಡಿದೆ, ನೋಡಲಿಲ್ಲ ಅಂತ ಅನ್ನಾಂಗಿಲ್ಲ. ರೈಲಿಗಿ ಬಿಡಾಕ ಬಂದಾಗ ಹಾದ್ಯಾಗ ಅಂದ, ‘ಅಕ್ಕಾ, ಅವ್ವಗ ಅಷ್ಟು ತ್ರಾಸು ಕೊಡಬ್ಯಾಡ. ಆ ವಯಸ್ಸಿಗಿ ಮಾತು ತಗೊಂಡು ಏನ್ ಮಾಡೋದದ?’

‘ನೀನು ಏನ್ ಮಾಡ್ತೀಯೋ ಮಾತು ತಗೊಂಡು? ಬಾಯಿ ಹೊಲಿಸಿಕೋ ಹಂಗಾದ್ರ’ ಅಂದೆ. ಅವ ನಕ್ಕಂಗ ಮಾಡಿದ.

ಅವನನ್ನ ನಾನು ರಾಕ್ಷಸ ಅನ್ನಾಂಗಿಲ್ಲ. ಅವ್ವನ ಮೈ ಒರಸ್ತಿದ್ದ, ಉಗುರು ತಗೀತಿದ್ದ, ಬೆನ್ನಿಗಿ ಹುಣ್ಣು ಆಗಬಾರದಂತ ಹೊಳ್ಳಿಸಿ ಮಲಗಸ್ತಿದ್ದ. ಸತ್ತುಹೋದ ಅಪ್ಪನಾಣಿ ಮಾಡಿ ಹೇಳ್ತೀನಿ, ಅಷ್ಟು ಸೇವಾ ನನ್ನ ಕೈಲೆ ಆಗ್ತಿರಲಿಲ್ಲ. ಆದ್ರ ಅವ್ವನ ಬಾಯಿ ಅಲುಗಿದ್ರ ಸಾಕು, ಅವನ ಕೈ ಅಲ್ಲೇ ನಿಂದ್ರತಿತ್ತು, ಕಿವಿ ನೆಟ್ಟಗ ಆಗ್ತಿತ್ತು. ಆವಾಗ ಅವ ಮಗ ಅಲ್ಲ.

ಮುಂದ ಒಂದು ಮದುವಿಗಿ ಅಂತ ಸೇಡಂಕ ಹೋಗಿದ್ದೆ. ಹೊಳ್ಳಿ ಬರಬೇಕಾದ್ರ ಬಸ್‌ಸ್ಟ್ಯಾಂಡಿನಾಗ ಕಲ್ಲಬೆಂಚಿನ ಮ್ಯಾಲ ಕುಂತಿದ್ದೆ. ಬಾಜೂಕ ಒಬ್ಬ ವಯಸ್ಸಾದ ಮನುಷ್ಯ ಚಿಂಚೋಳಿ ಬಸ್ಸಿಗಿ ಕಾಯಾಕತ್ತಿದ್ದ. ಮೊಬೈಲು ಕಿವಿಗಿ ಹಿಡದು ಮತ್ತ ಮತ್ತ ಅದನ್ನೇ ಕೇಳ್ತಿದ್ದ. ಅದರಾಗಿಂದ ನಮ್ಮವ್ವನ ದನಿ ಬಂತು. ‘ಐದು... ಐದು...’

‘ಇದು ಎಲ್ಲಿಂದ ಬಂತ್ರಿ ನಿಮಗ?’ ಅಂದೆ.

‘ಗ್ರೂಪಿನಾಗ ದಿನಾ ಬರ್ತದ್ರಿ ಅಕ್ಕಾರೆ. ಶಹಾಬಾದ್ ಅವ್ವಂದು. ಮೈಮ್ಯಾಲ ದೇವ್ರು ಬರ್ತಾವಂತ. ನಮ್ಮ ಕಡಿ ಚಂದ್ರಂಪಳ್ಳಿ ತನಕ ಎಲ್ಲಾರೂ ಇದೇ ಹಚ್ಚೋದು.’

‘ದೇವ್ರೂ ಇಲ್ಲ ಏನೂ ಇಲ್ಲ. ಅಕಿ ನಮ್ಮವ್ವ. ಲಕ್ವಾ ಹೊಡದದ. ಹೊರಕಡಿಗಿ ಹೋಗಬೇಕು, ಎಬ್ಬಸ್ರಿ ಅಂತ ಕರೀಲಿಕತ್ತಾಳ.’

ಅವ ನನ್ನ ಮಾರಿ ನೋಡಿದ. ಮೊಬೈಲ್ ಜೇಬಿನಾಗ ಇಟ್ಟ, ಟವೆಲ್ ಹೆಗಲಿಂದ ತಗದ, ಬಗ್ಗಿ ನನ್ನ ಕಾಲು ಮುಟ್ಟಿದ. ತಪ್ಪಾಯ್ತು ಅಂತಾನ ಅಂದುಕೊಂಡೆ. ಮೆಲ್ಲಕ ಕೇಳಿದ, ‘ಅವ್ವಾರ ಮಗಳು ಅದೀರಿ, ನಿಮಗ ಗೊತ್ತಿರ್ತದ. ಐದು ಓಪನಿಗೇನ್ರಿ, ಕ್ಲೋಸಿಗಿ?’

ನನಗ ಸಿಟ್ಟು ಬಂತು. ಆ ಮುದುಕನ ಮ್ಯಾಲಲ್ಲ. ಆ ದನಿ ಮೊಬೈಲಿನಾಗ ಹಿಡದಾವ ಅವ್ವನ ಹಾಸಗಿ ಬಾಜೂಕೇ ನಿಂತಿದ್ದ. ಮುದುಕಿ ನಾಚಿಕಿ ಬಿಟ್ಟು ಎಬ್ಬಸ್ರಿ ಅಂದಾಗ ಎಬ್ಬಿಸದೆ ಅದನ್ನ ಹಿಡಕೊಂಡು ನಿಂತಾನ. ನಾನು ಮನಿಗಿ ಹೋಗಲಿಲ್ಲ, ಸೀದಾ ಶಹಾಬಾದಿಗಿ ಹೋದೆ. ಕಟ್ಟಿ ಮ್ಯಾಲ ಕುಂತವರನ್ನೆಲ್ಲ ಬೈದು ಎಬ್ಬಿಸಿದೆ, ಕಾಯಿ ಮಾಲಿ ಎತ್ತಿ ಗಟಾರಕ್ಕ ಒಗದೆ. ಮಂದಿ ಹೋದಮ್ಯಾಲ ತಮ್ಮ ಅಂದ, ‘ಅವ್ವ ಬದುಕಿದ್ದಾಗ ಯಾರು ಕೇಳ್ತಿದ್ರು ಅಕ್ಕಾ ಅಕಿಗಿ? ಜೀವನ ಪೂರಾ ಖಣಿಯಾಗ ಕಲ್ಲು ಹೊತ್ತಳು. ಈಗ ನೋಡು, ಇಷ್ಟು ಮಂದಿ ಚಪ್ಪಲಿ ಬಿಟ್ಟು ಒಳಗ ಬರ್ತಾರ, ಕಾಲಿಗಿ ಬೀಳ್ತಾರ.’

‘ಅವ್ವ ಇನ್ನಾ ಬದುಕ್ಯಾಳಲ್ಲೋ’ ಅಂದೆ.

ಅವನಿಗಿ ಅದರಾಗ ಏನು ತಪ್ಪಾಗ್ಯದ ಅನ್ನೋದೇ ಹೊಳೀಲಿಲ್ಲ. ಅವ್ವ ನಮ್ಮಿಬ್ಬರ ಮಾರಿ ನೋಡಿ ‘ನೀರು’ ಅಂದ್ಳು. ಅಕಿಗಿ ನೀರು ಬೇಕಾಗಿರಲಿಲ್ಲ, ಕೊಟ್ರ ಕುಡೀಲಿಲ್ಲ. ಜಗಳ ಬಿಡಸಾಕ ಅಕಿ ಹಂತೇಲಿ ಇದ್ದದ್ದು ಅದೊಂದೇ ಮಾತು. ಸಾಲಿ ಸೂಟಿ ಬಂದಕೂಡಲೇ ಇಲ್ಲೇ ಬಂದು ಇರ್ತೀನಿ, ಯಾರು ಬರ್ತಾರ ನೋಡ್ತೀನಿ ಅಂತ ಹೇಳಿ ಹೊಂಟೆ.

ಸೂಟಿ ಬರೋಕಿಂತ ಮೊದಲೇ ಆ ದಿನ ಬಂತು. ಸಾಲ್ಯಾಗ ಮಕ್ಕಳು ಊಟಕ್ಕ ಬಿಟ್ಟಾಗ ನಾನು ದಿನಾ ಅವ್ವಗ ಫೋನ್ ಮಾಡ್ತಿದ್ದೆ, ತಮ್ಮ ಮೊಬೈಲು ಅಕಿ ಕಿವಿಗಿ ಹಿಡೀತಿದ್ದ. ಅವತ್ತು ಅವ ಫೋನ್ ಎತ್ತಿದಕೂಡಲೇ ಹಿಂದಿನಿಂದ ಅವ್ವನ ದನಿ ಕೇಳಿಸಿತು. ‘ನಾಲ್ಕು... ನಾಲ್ಕು...’ ಎಳದು ಎಳದು ಕಡೀಕ ಮುರದು ಬೀಳಾಕತ್ತಿತ್ತು. ಅಷ್ಟು ಉದ್ದ ಬ್ಯಾನಿ ನಾನು ಯಾವತ್ತೂ ಕೇಳಿರಲಿಲ್ಲ. ಅಲ್ಲಿ ಮಂದಿ ಗುಜುಗುಜು ಬ್ಯಾರೆ.

‘ತಮ್ಮಾ, ಅವ್ವಗ ಭಾಳ ಬ್ಯಾನಿ ಆಗ್ಲಿಕತ್ತದ. ಅಂಬುಲೆನ್ಸ್ ಕರಸು. ಈಗಿಂದೀಗ ಕರಸು.’

‘ಹೂಂ ಅಕ್ಕಾ. ಮುಂಜಾನಿಂದ ಇದೊಂದೇ ಅನ್ಲಿಕತ್ತಾಳ. ಕರಸ್ತೀನಿ, ನೀ ಬಾ’ ಅಂದ. ಅವನ ದನಿಯಾಗ ಗಾಬರಿ ಇರಲಿಲ್ಲ, ಅವಸರ ಇತ್ತು.

ಹೆಡ್‌ಮಾಸ್ತರಿಗಿ ಹೇಳಿ ಹೊರಬಿದ್ದೆ. ಆ ಹೊತ್ತಿಗಿ ರೈಲು ಇಲ್ಲ, ಜೀಪು ಹಿಡದೆ. ಹಾದಿತುಂಬ ಅವನಿಗಿ ಫೋನ್ ಹಚ್ಚಿದೆ, ಬಿಜಿ. ಮತ್ತ ಹಚ್ಚಿದೆ, ಬಿಜಿ. ಮನಸ್ಸು ತಡೀಲಿಲ್ಲ, ನಾನೇ ಅಂಬುಲೆನ್ಸಿಗಿ ಫೋನ್ ಮಾಡಿ ಮನಿ ಪತ್ತೆ ಹೇಳಿದೆ. ಆ ಪತ್ತೆಕ್ಕ ಗಾಡಿ ಬೇಕಂತ ಬಂದದ್ದು ಇದೇ ಮೊದಲನೇ ಫೋನು ಅಂದ್ರು ಅವರು.

ನಾ ಹೋದಾಗ ಕಟ್ಟಿ ಮ್ಯಾಲ ಮಂದಿ ನಕ್ಕೋತ ಕುಂತಿದ್ರು. ಒಬ್ಬ ಎದ್ದು ಹಾದಿ ಬಿಟ್ಟ. ‘ಟೀಚರ್ರೀ, ಇವತ್ತು ಅವ್ವಾರು ಒಂದೇ ಅಂಕಿ ಹಿಡದಾರ. ಪಕ್ಕಾ ಅದ್ರಿ’ ಅಂದ. ಒಳಗ ಯಾರೂ ಇಲ್ಲ. ತಮ್ಮನ ಹೆಂಡತಿ ಕೆಲಸದ ಮನಿಂದ ಇನ್ನಾ ಬಂದಿರಲಿಲ್ಲ. ಊದಿನಕಡ್ಡಿ ಹೊಗಿ ಖೋಲಿ ತುಂಬ್ಯದ, ಅವ್ವ ಒಬ್ಬಾಕಿನೇ ಹಾಸಗಿ ಅಂಚಿಗಿ ಬಂದು ಬಿದ್ದಾಳ. ಎಡಗೈ ಚಾದರ ಬಿಗಿ ಹಿಡದದ. ಬಾಯಿ ಒಂದು ಕಡಿ ಜಗ್ಗ್ಯದ, ‘ನಾ... ನಾ...’ ಅಂತದ, ಮುಂದ ಬರವಲ್ದು. ನಾ ಬಂದೀನಿ ಅವ್ವಾ ಅಂದೆ. ಕಣ್ಣು ನನ್ನ ಕಡಿ ಹೊಳ್ಳಲಿಲ್ಲ.

ಅಂಬುಲೆನ್ಸ್ ಬಂತು. ಕಲಬುರಗಿ ಮುಟ್ಟೋದ್ರಾಗ ಅಕಿ ಹೋಗಿದ್ಳು. ತಮ್ಮ ದವಾಖಾನಿಗಿ ಓಡಿ ಬಂದದ್ದು ಆಮ್ಯಾಲ. ಎಲ್ಲಿಗಿ ಹೋಗಿದ್ದ ಅಂದ್ರ ಓಪನ್ ಬೀಳೋಕಿಂತ ಮೊದಲ ನಾಲ್ಕು ಹಚ್ಚಾಕ. ಫೋನ್ ಯಾಕ ಹತ್ತಲಿಲ್ಲ ಅಂದ್ರ ತನ್ನ ಗೆಳ್ಯಾರಿಗೆಲ್ಲ ನಾಲ್ಕು ಹಚ್ರಿ ಅಂತ ಹೇಳ್ಲಿಕತ್ತಿದ್ದ. ಇದೆಲ್ಲ ಅವನ ಹೆಂಡತಿ ಬಾಯಿಂದ ನನಗ ಗೊತ್ತಾದದ್ದು. ‘ನಾ ಮನ್ಯಾಗ ಇದ್ದಿದ್ರ ಅಕ್ಕಾ, ನಾನರ ತಿಳಕೊಂತಿದ್ದೆ’ ಅಂತ ಅಕಿ ನನ್ನ ಕಾಲು ಹಿಡದು ಅತ್ತಳು. ಅಕಿನ್ನ ಎಬ್ಬಿಸಿ ಬಾಜೂಕ ಕುಂದ್ರಿಸಿಕೊಂಡೆ.

ಮಣ್ಣಿಗಿ ಊರಿಗಿ ಊರೇ ಬಂತು. ವಾಡಿಯಿಂದ ಬಂದ್ರು, ಮಳಖೇಡದಿಂದ ಬಂದ್ರು, ನಾನು ಕಂಡಿರದ ಮಾರಿಗಳು. ಒಬ್ಬೊಬ್ಬರೇ ಹತ್ತಿರ ಬಂದು ಕೇಳ್ತಿದ್ರು, ಎಷ್ಟೊತ್ತಿಗಿ ಹೋದ್ರು, ವಯಸ್ಸೆಷ್ಟು ಆಗಿತ್ತು ಅಂತ. ಪಾಪ, ಸಂತಾಪಕ್ಕ ಕೇಳ್ತಾರ ಅಂದುಕೊಂಡು ಉತ್ತರ ಕೊಟ್ಟೆ. ಒಬ್ಬ ನಾ ಹೇಳಿದಮ್ಯಾಲ ತುಟಿಯಾಗೇ ಕೂಡಿಸಾಕತ್ತಿದ್ದು ನೋಡಿದೆ. ಆಮ್ಯಾಲ ಯಾರು ಕೇಳಿದ್ರೂ ಬಾಯಿ ಬಿಡಲಿಲ್ಲ.

ಮೂರನೇ ದಿನ ಮಣ್ಣಿಗಿ ಹಾಲು ತುಪ್ಪ ಬಿಟ್ಟು ಬಂದ್ವಿ. ನೆಂಟರು ಅಂಗಳದಾಗ ಊಟಕ್ಕ ಕುಂತ್ರು. ತಮ್ಮ ಒಳಗ ಹೋಗಿ ಅವ್ವನ ಹಾಸಗಿ ಇದ್ದ ಜಾಗದಾಗ, ಖಾಲಿ ನೆಲದ ಮ್ಯಾಲ ಕುಂತಿದ್ದ. ಮಣ್ಣಿನ ದಿನದಿಂದ ಅವ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನಾ ಒಳಗ ಹೋದಕೂಡಲೇ ಮೊಣಕಾಲಿಗಿ ಹಣಿ ಹಚ್ಚಿ ಗಳಗಳ ಅಳಾಕ ಸುರು ಮಾಡಿದ. ಅಂಥಾ ಸಿಟ್ಟಿನಾಗೂ ಅವನನ್ನ ಹಂಗೇ ಬಿಟ್ಟು ಬರಾಕ ಆಗಲಿಲ್ಲ. ಒಂದೇ ಹೊಟ್ಟಿಯಾಗ ಹುಟ್ಟಿದಾವ. ಬಾಜೂಕ ಕುಂತು ತಲಿ ಮ್ಯಾಲ ಕೈ ಇಟ್ಟೆ. ‘ಅಳು ತಮ್ಮಾ, ಅತ್ತು ಬಿಡು’ ಅಂದೆ.

‘ನಂದೇ ತಪ್ಪು ಅಕ್ಕಾ. ಅವ್ವ ಮುಂಜಾನಿಂದ ಹೇಳ್ಲಿಕತ್ತಿದ್ಳು, ಜೀವ ಹೋಗೋ ತನಕ ಹೇಳಿದ್ಳು. ನನಗ ತಿಳೀಲಿಲ್ಲ.’

‘ಹೂಂ’ ಅಂದೆ. ನನಗೂ ಅಳು ಬಂತು.

ಅವ ಮಾರಿ ಎತ್ತಿದ. ಕಣ್ಣು ಕೆಂಪಗಾಗಿದ್ವು, ಮೂಗು ಸೋರಾಕತ್ತಿತ್ತು, ಸಣ್ಣಾವಿದ್ದಾಗ ಹ್ಯಾಂಗ ಅಳ್ತಿದ್ದನೋ ಹಂಗೇ. ‘ಆ ದಿನ ಒಂಬತ್ತು ಬಂತು ಅಕ್ಕಾ’ ಅಂದ. ‘ನಾಲ್ಕಕ್ಕ ಐದು ಕೂಡಿಸಿದ್ರ ಒಂಬತ್ತು. ಅದಕ್ಕ ಕಟ್ ಅಂತಾರ, ನಾಲ್ಕರ ಜೋಡಿ ಅದನ್ನೂ ಹಚ್ಚಬೇಕಿತ್ತು. ಅವ್ವ ಬರೊಬ್ಬರಿನೇ ಹೇಳಿದ್ಳು. ನಾನೇ ತಿಳಕೊಳ್ಳಲಿಲ್ಲ.’

ಅವನ ತಲಿ ಮ್ಯಾಲಿಂದ ನಾನು ಕೈ ತಗದೆ.